ಮಳೆ ಚೆನ್ನಾಗಿ ಆದರೂ ರಾಗಿ ಇಳುವರಿ ಏಕೆ ಕಡಿಮೆ?

ಕೋಲಾರದ ಕಡೆ ಖುಷ್ಕಿ ರಾಗಿ (ಮಳೆ ನಂಬಿ ಬೆಳೆಯುವ ರಾಗಿ) ಅಂದ್ರೆ ಒಟ್ಟು ಎಷ್ಟು ಮಳೆ ಬಿತ್ತು ಅನ್ನೋದಕ್ಕಿಂತ ಯಾವಾಗ ಬಿತ್ತು ಅನ್ನೋದೇ ಮುಖ್ಯ. ತೆನೆ ಬಂದು ಕಾಳು ಕಟ್ಟುವಾಗ ಭೂಮಿ ಒಣಗಿದ್ದರೆ ರಾಗಿ ಹುಲ್ಲು ಜೋರಾಗಿರುತ್ತದೆ, ಕಾಳು ಜೊಳ್ಳು. ಆಮೇಲೆ ಬಿತ್ತನೆ ದಿನ ನೋಡಿ. ಎಂ.ಆರ್-6 ತರಹದ 120 ದಿನದ ತಳಿಯನ್ನು ಆಗಸ್ಟ್‌ನಲ್ಲಿ ಹಾಕಿದರೆ ಕೊನೆಗೆ ತೇವ ಸಿಗುವುದು ಕಷ್ಟ. ತಡವಾದರೆ ಜಿಪಿಯು-48 ತರಹದ ಅಲ್ಪಾವಧಿ ತಳಿಯೇ ಸರಿ.

ತೆನೆಯ ಕುತ್ತಿಗೆ ಕಪ್ಪಾಗಿತ್ತಾ? ಹಾಗಿದ್ರೆ ಅದು ಬೆಂಕಿ ರೋಗ. ಮೋಡ, ಜಡಿ ಮಳೆ ಇದ್ದಾಗ ಜಾಸ್ತಿ. ಯೂರಿಯಾ ಹೆಚ್ಚಾದರೆ ಇನ್ನೂ ಜೋರು. ಸುಮ್ನೆ ಮಳೆಯನ್ನು ಬೈಯುವವರು ಇದನ್ನು ನೋಡೋದೇ ಇಲ್ಲ.

ಕಟಾವಾದ ಮೇಲೆ ಕೂಳೆ (ಹೊಲದಲ್ಲಿ ಉಳಿದ ಪೈರಿನ ಬುಡ) ನೋಡಿದರೆ ಪೈರು ಎಲ್ಲೆಲ್ಲಿ ತೆಳುವಾಗಿತ್ತು ಗೊತ್ತಾಗುತ್ತದೆ. ಮಣ್ಣು ಪರೀಕ್ಷೆಗೂ ಇದೇ ಹೊತ್ತು. ಮುಂದಿನ ಗೊಬ್ಬರ ಹಾಕುವ ಮೊದಲೇ ಮಾದರಿ ತೆಗೆಯಿರಿ.