ಬಿಗಿ ಉಡುಪು: ಎಷ್ಟು ಬಿಗಿ, ಎಷ್ಟು ದಿನ?

ಕಾಸ್ಮೆಟಿಕ್ ಸರ್ಜರಿಯಾದ ಮೇಲಿನ ಆರೈಕೆ ಕುರಿತು ಬಂದ ಪತ್ರಗಳಲ್ಲಿ ಹೆಚ್ಚಿನವು ಕಂಪ್ರೆಷನ್ ಗಾರ್ಮೆಂಟ್, ಅಂದರೆ ಆಪರೇಷನ್ ಆದ ಭಾಗವನ್ನು ಒತ್ತಿ ಹಿಡಿಯುವ ಎಲಾಸ್ಟಿಕ್ ಉಡುಪಿನ ಬಗ್ಗೆಯೇ ಇವೆ. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ. ನಿಮ್ಮ ಸರ್ಜನ್ ಬೇರೆ ರೀತಿ ಹೇಳಿದ್ದರೆ ಅವರ ಮಾತೇ ನಡೆಯಲಿ. ಒಳಗೆ ಏನು ಮಾಡಿದ್ದಾರೆ ಎಂಬುದು ಗೊತ್ತಿರುವುದು ಅವರಿಗೆ.

ಪ್ರಶ್ನೆ: ನನಗೆ 36 ವರ್ಷ. ಹೊಟ್ಟೆ, ಸೊಂಟಕ್ಕೆ ಲೈಪೊಸಕ್ಷನ್ ಆಗಿ ವಾರವಾಯಿತು. ಮನೆಗೆ ಬಂದ ರಾತ್ರಿಯೇ ಹಾಸಿಗೆಯೆಲ್ಲ ಕೆಂಪು ನೀರಿನಲ್ಲಿ ನೆನೆದುಹೋಯಿತು. ಮೂರನೇ ದಿನ ಗಾರ್ಮೆಂಟ್ ಬಿಚ್ಚಿ ಸ್ನಾನಕ್ಕೆ ನಿಂತಾಗ ಕಣ್ಣು ಕತ್ತಲೆ ಬಂತು. ಈಗ ತೂಕ ನೋಡಿದರೆ 2 ಕೆ.ಜಿ. ಜಾಸ್ತಿ! ಏನಾದರೂ ಎಡವಟ್ಟಾಗಿದೆಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಬರೆದ ಮೂರೂ ಸಂಗತಿ ಸಾಮಾನ್ಯವಾಗಿ ಆಗುವಂಥವೇ. ಮನೆಗೆ ಕಳಿಸುವ ಮೊದಲು ಇದನ್ನೆಲ್ಲ ಬಿಡಿಸಿ ಹೇಳಬೇಕಿತ್ತು.

ಈಗಿನ ಲೈಪೊಸಕ್ಷನ್‌ನಲ್ಲಿ ಕೊಬ್ಬು ಹೀರುವ ಮುಂಚೆ ಸಲೈನ್‌ಗೆ ಲಿಡೊಕೇನ್ ಮತ್ತು ಅಡ್ರಿನಾಲಿನ್ ಬೆರೆಸಿ ಚರ್ಮದಡಿ ತುಂಬಿಸುತ್ತಾರೆ. ಮೊದಲನೆಯದು ನೋವು ತಡೆಯುತ್ತದೆ, ಎರಡನೆಯದು ರಕ್ತನಾಳಗಳನ್ನು ಕುಗ್ಗಿಸಿ ರಕ್ತ ಹೋಗುವುದನ್ನು ತಗ್ಗಿಸುತ್ತದೆ. ಹೀಗೆ ಲೀಟರ್‌ಗಟ್ಟಲೆ ಹಾಕಿದ್ದು ಹೀರುವಾಗ ಪೂರ್ತಿ ವಾಪಸ್ ಬರುವುದಿಲ್ಲ. ಉಳಿದದ್ದು 24ರಿಂದ 48 ಗಂಟೆ ಆ ಸಣ್ಣ ತೂತುಗಳಿಂದ ಜಿನುಗುತ್ತದೆ. ಅದು ಹೊರಗೆ ಹೋಗಲಿ ಎಂದೇ ಕೆಲವು ಸರ್ಜನ್‌ಗಳು ತೂತಿಗೆ ಹೊಲಿಗೆ ಹಾಕುವುದಿಲ್ಲ. ಒಂದು ಲೋಟ ನೀರಿಗೆ ನಾಲ್ಕು ಹನಿ ರಕ್ತ ಬಿದ್ದರೂ ಲೋಟವೆಲ್ಲ ಕೆಂಪಾಗುವಂತೆ, ಸ್ವಲ್ಪ ರಕ್ತ ಬೆರೆತರೂ ಜಿನುಗುವ ನೀರೆಲ್ಲ ಕೆಂಪಾಗಿ ನೋಡಿದವರ ಎದೆ ಧಸಕ್ಕೆನ್ನುತ್ತದೆ, ನಿಜ. ಹಾಸಿಗೆಯ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಅಂಡರ್‌ಪ್ಯಾಡ್ ಹಾಸಿದ್ದರೆ ಸಾಕಿತ್ತು. ಭಯಪಡಬೇಕಾದದ್ದು ಬೇರೆ: ನೀರಿನಂತಲ್ಲದೆ ಮಂದವಾದ ಕಡುಗೆಂಪು ರಕ್ತ, ಹೆಪ್ಪಿನ ಗಡ್ಡೆಗಳು, ಒಂದೇ ಕಡೆ ಬಿರುಸಾಗಿ ಉಬ್ಬುವುದು. ಹಾಗಾದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ತಲೆಸುತ್ತಿಗೆ ಕಾರಣವಿದೆ. ಎರಡು ಮೂರು ದಿನ ಒತ್ತಿ ಹಿಡಿದಿದ್ದ ಉಡುಪನ್ನು ಒಮ್ಮೆಗೇ ತೆಗೆದರೆ ರಕ್ತ ಆ ಭಾಗಕ್ಕೆ ನುಗ್ಗಿ ಬಿ.ಪಿ. ಇಳಿಯುತ್ತದೆ. ಬಿಸಿನೀರು, ಖಾಲಿ ಹೊಟ್ಟೆ ಸೇರಿದರೆ ಬಿದ್ದೇಬಿಡಬಹುದು. ಮೊದಲ ಸಲ ಬಿಚ್ಚುವ ಕ್ರಮ ಹೀಗಿರಲಿ: ಅರ್ಧ ಗಂಟೆ ಮುಂಚೆ ಏನಾದರೂ ತಿಂದು ನೀರು ಕುಡಿಯಿರಿ. ಮಂಚದ ಮೇಲೆ ಮಲಗಿ, ಹುಕ್ಕು ಮತ್ತು ಝಿಪ್ಪನ್ನು ನಿಧಾನವಾಗಿ ಸಡಿಲಿಸಿ ಹತ್ತು ನಿಮಿಷ ಹಾಗೇ ಇರಿ. ಆಮೇಲೆ ಕಾಲು ಇಳಿಬಿಟ್ಟು ಕೂತು, ತಲೆ ಸರಿಯಿದೆ ಅನ್ನಿಸಿದ ಮೇಲೆ ಏಳಿ. ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಉಗುರುಬೆಚ್ಚಗಿನ ನೀರು ಹಾಕಿಕೊಳ್ಳಿ. ಬಾಗಿಲಿಗೆ ಚಿಲಕ ಹಾಕಬೇಡಿ, ಹೊರಗೆ ಒಬ್ಬರು ಇರಲಿ.

ಇನ್ನು ತೂಕ. ಅದು ನೀರು, ಕೊಬ್ಬಲ್ಲ. ಊತ ಸಾಮಾನ್ಯವಾಗಿ ಮೂರು ನಾಲ್ಕನೇ ದಿನಕ್ಕೆ ತುತ್ತತುದಿಗೇರಿ ಆಮೇಲೆ ನಿಧಾನವಾಗಿ ಇಳಿಯುತ್ತದೆ. ಬಹುಪಾಲು ಆರು ವಾರಕ್ಕೆ ಹೋಗುತ್ತದೆ, ಉಳಿದದ್ದು ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ತಕ್ಕಡಿಯನ್ನು ಒಂದು ತಿಂಗಳು ಮಂಚದ ಕೆಳಗೆ ತಳ್ಳಿಬಿಡಿ. ನೀಲಿಗಟ್ಟಿದ್ದು ಕೆಳಕೆಳಗೆ ಇಳಿದು ತೊಡೆಯಲ್ಲಿ, ಗುಪ್ತಾಂಗದ ಸುತ್ತ ಕಾಣಿಸಿಕೊಂಡರೂ ಗಾಬರಿ ಬೇಡ, ರಕ್ತವೂ ನೀರೂ ಇಳಿಜಾರಿಗೇ ಹರಿಯುವುದು. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಹೊಟ್ಟೆಯ ಚರ್ಮ ಕೆಲವು ತಿಂಗಳು ಜೋಮು ಹಿಡಿದಂತಿರುತ್ತದೆ. ಬಿಸಿನೀರಿನ ಚೀಲ ಇಟ್ಟರೆ ಸುಟ್ಟದ್ದೂ ತಿಳಿಯುವುದಿಲ್ಲ. ಐಸನ್ನು ನೇರವಾಗಿ ಇಟ್ಟರೂ ಅದೇ ಕಥೆ.

ಪ್ರಶ್ನೆ: ಆಸ್ಪತ್ರೆಯವರು ಎಲ್ ಸೈಜ್ ಕೊಟ್ಟರು. ಇನ್ನಷ್ಟು ಬಿಗಿಯಾಗಿದ್ದರೆ ಬೇಗ ಶೇಪ್ ಬರುತ್ತದೆ ಎಂದು ಗೆಳತಿ ಹೇಳಿದ್ದಕ್ಕೆ ಆನ್‌ಲೈನ್‌ನಲ್ಲಿ ಎಂ ತರಿಸಿದೆ. ಕೂತರೆ ಹೊಟ್ಟೆಯ ಹತ್ತಿರ ಸುರುಳಿ ಸುತ್ತಿಕೊಳ್ಳುತ್ತದೆ, ಬಿಚ್ಚಿದಾಗ ಚರ್ಮದಲ್ಲಿ ಗೆರೆ ಬಿದ್ದಿರುತ್ತದೆ.
— ಓದುಗಿ, ಮೈಸೂರು

ಉತ್ತರ: ಎಂ ಸೈಜನ್ನು ಈಗಲೇ ತೆಗೆದಿಡಿ. ಗಾರ್ಮೆಂಟ್ ಕೊಬ್ಬು ಕರಗಿಸುವುದಿಲ್ಲ, ಸೊಂಟ ಕೆತ್ತುವುದೂ ಇಲ್ಲ. ಕೊಬ್ಬು ತೆಗೆದ ಮೇಲೆ ಚರ್ಮಕ್ಕೂ ಸ್ನಾಯುವಿಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಎರಡೂ ಪದರ ಒಂದಕ್ಕೊಂದು ಅಂಟಿಕೊಳ್ಳುವ ತನಕ ಅಲ್ಲಿ ನೀರು ನಿಲ್ಲದಂತೆ, ಊತ ಏರದಂತೆ ಸಮನಾಗಿ ಒತ್ತಿ ಹಿಡಿಯುವುದಷ್ಟೇ ಅದರ ಕೆಲಸ. 'ಸಮನಾಗಿ' ಎಂಬುದೇ ಇಲ್ಲಿ ಮುಖ್ಯ. ಸುರುಳಿ ಸುತ್ತಿದ ಅಂಚು ಹಗ್ಗದಂತೆ ಒಂದೇ ಗೆರೆಯಲ್ಲಿ ಒತ್ತುತ್ತದೆ. ಅದರ ಮೇಲೂ ಕೆಳಗೂ ನೀರು ತುಂಬುತ್ತದೆ, ಗೆರೆಯಲ್ಲಿ ಚರ್ಮ ಕೆಳಗಿನ ಪದರಕ್ಕೆ ಅಂಟಿಕೊಂಡು ಮಡಿಕೆ ಕಾಯಂ ಆಗಿ ಉಳಿಯಬಹುದು. ಬೊಬ್ಬೆ ಏಳುವುದು, ಚರ್ಮ ಕಪ್ಪಾಗುವುದೂ ಉಂಟು. ಹೊಟ್ಟೆ ಹಿಂಡುವ ಉಡುಪು ತೊಡೆಯಿಂದ ರಕ್ತ ಮೇಲೇರುವುದನ್ನೂ ತಡೆಯುತ್ತದೆ, ಕಾಲಿನಲ್ಲಿ ಹೆಪ್ಪುಗಟ್ಟಲು ಅದೊಂದು ದಾರಿ.

ಸರಿಯಾದ ಬಿಗಿ ಅಂದರೆ: ಅಂಚಿನಡಿ ಎರಡು ಬೆರಳು ತೂರಬೇಕು, ಪೂರ್ತಿ ಉಸಿರು ಎಳೆದುಕೊಳ್ಳಲು ಆಗಬೇಕು, ಊಟ ಮಾಡಿದರೆ ಹೊಟ್ಟೆ ತೊಳಸಬಾರದು. ಬಟ್ಟೆ ಮಾತ್ರ ಎಲ್ಲೂ ಜೋಲಾಡಬಾರದು. ಕಾಲು ಮರಗಟ್ಟಿದರೆ, ಪಾದ ತಣ್ಣಗಾಗಿ ಬಣ್ಣ ತಿರುಗಿದರೆ ಬಿಚ್ಚಿ, ಆಸ್ಪತ್ರೆಗೆ ಫೋನ್ ಮಾಡಿ. ಸುರುಳಿ ಸುತ್ತುವವರು ಸೊಂಟದ ಬೆಲ್ಟ್ ಬಿಟ್ಟು ಎದೆಯ ಕೆಳಗಿನಿಂದ ತೊಡೆಯ ನಡುವಿನವರೆಗೆ ಬರುವ ಬಾಡಿಸೂಟ್ ಮಾದರಿ ನೋಡಬೇಕು. ಶೌಚಕ್ಕೆ ಕೆಳಗೆ ತೆರಪಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ದಿನಕ್ಕೆ ಆರೇಳು ಸಲ ಬಿಚ್ಚಿ ಹಾಕುವ ಪಾಡು. ಮಡಿಕೆ ಬೀಳುವ ಜಾಗಕ್ಕೆ ಲೈಪೊ ಫೋಮ್ ಹಾಳೆ (ಸ್ಪಂಜಿನಂಥ ಮೆತ್ತನೆ ಹಾಳೆ) ಇಡಬಹುದು. ಅದರ ಅಂಚು ಗಾಯದ ಮೇಲೆ ಕೂರದಂತೆ ನೋಡಿಕೊಳ್ಳಿ.

ಮೊದಲ ಎರಡು ಮೂರು ವಾರ ಮೃದುವಾದ, ಮುಂದೆ ಹುಕ್ಕಿರುವ ಉಡುಪು. ಊತ ಇಳಿದ ಮೇಲೆ ಹೊಸದಾಗಿ ಅಳತೆ ತೆಗೆದು ಸ್ವಲ್ಪ ಗಟ್ಟಿಯದು. ಇದು ರೂಢಿ. ಒಟ್ಟು ಎಷ್ಟು ವಾರ ಎಂಬುದಕ್ಕೆ ಗಟ್ಟಿ ಪುರಾವೆ ಕಡಿಮೆ, ಅದಕ್ಕೇ ಒಬ್ಬ ಡಾಕ್ಟರು ಮೂರು ವಾರ ಅಂದರೆ ಇನ್ನೊಬ್ಬರು ಎಂಟು ಅನ್ನುತ್ತಾರೆ. ಬಹುತೇಕರು ಹೇಳುವುದು ನಾಲ್ಕರಿಂದ ಆರು ವಾರ. ಮೊದಲರ್ಧ ಸ್ನಾನದ ಹೊತ್ತು ಬಿಟ್ಟು ದಿನವಿಡೀ, ಆಮೇಲೆ ದಿನಕ್ಕೆ ಹನ್ನೆರಡು ಗಂಟೆ.

ಪ್ರಶ್ನೆ: ಎರಡು ಸಿಸೇರಿಯನ್ ಆದ ಮಗಳಿಗೆ ಟಮ್ಮಿ ಟಕ್ ಆಗಿದೆ. ಬಾಣಂತಿಯರಿಗೆ ನಾವು ಹಳೇ ಕಾಟನ್ ಸೀರೆಯಲ್ಲಿ ಹೊಟ್ಟೆ ಕಟ್ಟುತ್ತಿದ್ದೆವು. ಸಾವಿರಾರು ರೂಪಾಯಿ ಕೊಟ್ಟು ಗಾರ್ಮೆಂಟ್ ಯಾಕೆ, ಅದನ್ನೇ ಕಟ್ಟಿದರೆ ಆಗದೇ? ಎಣ್ಣೆ ನೀವಬಹುದೇ?
— ತಾಯಿ, ತೀರ್ಥಹಳ್ಳಿ

ಉತ್ತರ: ಅಮ್ಮಾ, ದಯವಿಟ್ಟು ಕಟ್ಟಬೇಡಿ. ಟಮ್ಮಿ ಟಕ್‌ನಲ್ಲಿ ಹೊಕ್ಕಳಿನ ಸುತ್ತ ಬಿಡಿಸಿ, ಹೊಟ್ಟೆಯ ಚರ್ಮವನ್ನು ಪಕ್ಕೆಲುಬಿನವರೆಗೂ ಎತ್ತಿ, ಸಡಿಲವಾದ ಸ್ನಾಯುವನ್ನು ಹೊಲಿದು, ಹೆಚ್ಚಾದ ಚರ್ಮ ಕತ್ತರಿಸಿ ಕೆಳಗೆ ಎಳೆದು ಹೊಲಿದಿರುತ್ತಾರೆ. ನಡುವಿನಿಂದ ಬರುತ್ತಿದ್ದ ರಕ್ತನಾಳಗಳು ಕತ್ತರಿಸಿಹೋಗಿ, ಆ ಚರ್ಮ ಈಗ ಪಕ್ಕಗಳಿಂದ ಬರುವ ರಕ್ತದಲ್ಲೇ ಬದುಕಬೇಕು. ಹೊಲಿಗೆಯ ನಟ್ಟನಡುವಿನ ಜಾಗಕ್ಕೆ ರಕ್ತ ತಲುಪುವುದು ಎಲ್ಲಕ್ಕಿಂತ ಕಷ್ಟ. ಹಿಗ್ಗದ ಸೀರೆಯ ಮಡಿಕೆಯೋ ಗಂಟೋ ಅಲ್ಲೇ ಒತ್ತಿದರೆ ಚರ್ಮ ಕಪ್ಪಾಗಿ ಸಾಯುತ್ತದೆ. ಎಲಾಸ್ಟಿಕ್ ಉಡುಪು ಉಸಿರಿನ ಜೊತೆ ಹಿಗ್ಗಿ ಕುಗ್ಗುತ್ತದೆ, ಸೀರೆ ಹಾಗಲ್ಲ. ಸ್ನಾಯು ಹೊಲಿದ ಮೇಲೆ ಹೊಟ್ಟೆಯೊಳಗಿನ ಒತ್ತಡ ಮೊದಲೇ ಹೆಚ್ಚಿರುತ್ತದೆ, ಅದರ ಮೇಲೆ ಬಿಗಿದು ಕಟ್ಟಿದರೆ ಉಸಿರಿಗೂ ಕಾಲಿನ ರಕ್ತಕ್ಕೂ ತೊಂದರೆ. ಎಣ್ಣೆ ನೀವುವುದೂ ಈಗ ಬೇಡ.

ನೀವು ಮಾಡಬಹುದಾದ ಆರೈಕೆ ಬೇಕಾದಷ್ಟಿದೆ. ಮಲಗುವಾಗ ಬೆನ್ನ ಹಿಂದೆ ದಿಂಬು, ಮಂಡಿ ಕೆಳಗೆ ದಿಂಬು ಇಟ್ಟು ಸೊಂಟ ಸ್ವಲ್ಪ ಬಾಗಿರುವಂತೆ ನೋಡಿಕೊಳ್ಳಿ. ಒಂದೆರಡು ವಾರ ಸ್ವಲ್ಪ ಬಗ್ಗಿಯೇ ನಡೆಯಲಿ, ನೆಟ್ಟಗೆ ನಿಲ್ಲು ಎಂದು ಒತ್ತಾಯಿಸಬೇಡಿ. ನೆಲದ ಮೇಲೆ ಕೂರುವುದು, ಕುಕ್ಕರಗಾಲಿನ ಶೌಚಾಲಯ ಬೇಡ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತನ್ನಿ. ಆರು ವಾರ 4–5 ಕೆ.ಜಿ.ಗಿಂತ ಹೆಚ್ಚು ಎತ್ತುವಂತಿಲ್ಲ. ನೀರು ತುಂಬಿದ ಬಿಂದಿಗೆಯೂ ಇಲ್ಲ, ಮಗುವೂ ಇಲ್ಲ. ಮಗುವನ್ನು ಅವಳ ಪಕ್ಕ ಕೂರಿಸಿ. ಒಳಗೆ ಸೇರುವ ನೀರು ಹೊರಗೆ ಬರಲು ಹಾಕಿದ ಡ್ರೈನ್ ಕೊಳವೆ ಇದ್ದರೆ ದಿನಾ ಒಂದೇ ಹೊತ್ತಿಗೆ ಎಷ್ಟು ಮಿ.ಲೀ. ಬಂತು, ಯಾವ ಬಣ್ಣ ಎಂದು ಬರೆದಿಡಿ. 24 ಗಂಟೆಗೆ 30 ಮಿ.ಲೀ.ಗಿಂತ ಕಡಿಮೆಯಾದ ಮೇಲೆ ತೆಗೆಯುವುದು ವಾಡಿಕೆ. ಇದ್ದಕ್ಕಿದ್ದಂತೆ ಬರುವುದು ನಿಂತು ಹೊಟ್ಟೆ ಉಬ್ಬಿದರೆ ಕೊಳವೆ ಕಟ್ಟಿಕೊಂಡಿದೆ ಎಂದರ್ಥ, ಗುಣವಾಯಿತು ಎಂದಲ್ಲ.

ಪ್ರಶ್ನೆ: ಟಮ್ಮಿ ಟಕ್ ಆಗಿ ಮೂರು ವಾರ. ಡ್ರೈನ್ ತೆಗೆದಿದ್ದಾರೆ. ಮಗ್ಗುಲು ಬದಲಿಸಿದರೆ ಕೆಳಹೊಟ್ಟೆಯಲ್ಲಿ ನೀರು ತುಳುಕಿದಂತಾಗುತ್ತದೆ. ಬೆಲ್ಟ್ ಇನ್ನೂ ಬಿಗಿ ಮಾಡಲೇ?
— ಹೆಸರು, ಊರು ಬೇಡ

ಉತ್ತರ: ಬೇಡ, ತೋರಿಸಿ. ಇದು ಸಿರೋಮಾ ಇರಬಹುದು, ಚರ್ಮದಡಿ ನಿಂತ ತಿಳಿಹಳದಿ ನೀರು. ಸಣ್ಣದಾದರೆ ದೇಹವೇ ಹೀರಿಕೊಳ್ಳುತ್ತದೆ, ದೊಡ್ಡದಾದರೆ ಸೂಜಿಯಿಂದ ತೆಗೆಯುತ್ತಾರೆ. ಚರ್ಮ ಜೋಮಿರುವುದರಿಂದ ಅಷ್ಟೇನೂ ನೋಯುವುದಿಲ್ಲ. ವಾರಕ್ಕೊಮ್ಮೆಯಂತೆ ಕೆಲವು ಸಲ ತೆಗೆಸಬೇಕಾಗಬಹುದು. ಬಿಟ್ಟರೆ ಸುತ್ತ ಗಟ್ಟಿ ಚೀಲ ಬೆಳೆದು ಮತ್ತೆ ಆಪರೇಷನ್ ಹಂತಕ್ಕೆ ಹೋದೀತು. ಜ್ವರ, ಕೆಂಪು, ವಾಸನೆ ಇದ್ದರೆ ಇವತ್ತೇ ಹೋಗಿ.

ಪ್ರಶ್ನೆ: ವಯಸ್ಸು 23. ಗೈನೆಕೊಮಾಸ್ಟಿಯಾ (ಗಂಡಸರಲ್ಲಿ ಸ್ತನ ಬೆಳೆಯುವುದು) ಆಪರೇಷನ್ ಆಗಲಿದೆ. ಪಿ.ಜಿ.ಯಲ್ಲಿ ಒಬ್ಬನೇ ಇದ್ದೇನೆ, ಮನೆಯಲ್ಲಿ ಹೇಳಿಲ್ಲ. ಜಿಮ್ ಯಾವಾಗ ಶುರು ಮಾಡಬಹುದು?
— ಓದುಗ, ಬೆಂಗಳೂರು

ಉತ್ತರ: ಜಿಮ್ ಆಮೇಲೆ. ಮೊದಲ ಎರಡು ರಾತ್ರಿ ಒಬ್ಬರೇ ಇರಬೇಡಿ. ಮನೆಯವರಿಗಲ್ಲದಿದ್ದರೆ ಒಬ್ಬ ಗೆಳೆಯನಿಗಾದರೂ ಹೇಳಿ. ಈ ಆಪರೇಷನ್‌ನಲ್ಲಿ ಹೆಚ್ಚಾಗಿ ಆಗುವ ಎಡವಟ್ಟೆಂದರೆ ಒಳಗೆ ರಕ್ತ ಕಟ್ಟುವುದು, ಅದೂ ಬಹುತೇಕ ಮೊದಲ 24–48 ಗಂಟೆಯಲ್ಲಿ. ಒಂದೇ ಕಡೆ ಎದೆ ಇನ್ನೊಂದಕ್ಕಿಂತ ಎದ್ದು ಕಾಣುವಂತೆ ಊದಿ, ಕಲ್ಲಿನಂತಾಗಿ, ಮಾತ್ರೆಗೂ ಬಗ್ಗದ ನೋವಿದ್ದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ಎದೆಗೆ ಹಾಕುವ ಕಂಪ್ರೆಷನ್ ವೆಸ್ಟ್ ಬಿಚ್ಚದೆ ಇದು ಕಾಣುವುದಿಲ್ಲ, ಆದ್ದರಿಂದ ಹೇಗೆ ಬಿಚ್ಚಿ ನೋಡಬೇಕೆಂದು ಡಿಸ್ಚಾರ್ಜ್‌ಗೆ ಮೊದಲೇ ಕೇಳಿಕೊಳ್ಳಿ. ತಲೆಯ ಮೇಲಿಂದ ಎಳೆದು ಹಾಕುವ ವೆಸ್ಟ್ ಬೇಡ, ಕೈ ಎತ್ತಲಾಗುವುದಿಲ್ಲ. ಮುಂದೆ ಝಿಪ್ ಇರಲಿ, ಕಂಕುಳಲ್ಲಿ ಕೊರೆಯದಿರಲಿ.

ನಡಿಗೆ ಮರುದಿನದಿಂದಲೇ. ಕುರ್ಚಿ ಕೆಲಸಕ್ಕೆ ಮೂರರಿಂದ ಏಳು ದಿನದಲ್ಲಿ ಹೋಗಬಹುದು. ಕಾಲಿನ ಹಗುರ ವ್ಯಾಯಾಮ ಮೂರು ವಾರದ ಮೇಲೆ. ಬೆಂಚ್ ಪ್ರೆಸ್, ಪುಷ್ಅಪ್ ಆರು ವಾರಕ್ಕೆ ಮುಂಚೆ ಬೇಡ. ಮೊಲೆತೊಟ್ಟಿನ ಹಿಂದೆ ಮೂರನೇ ವಾರ ಗಟ್ಟಿ ಗಡ್ಡೆಯಂತೆ ಸಿಗುವುದು ಬಹಳ ಸಲ ಒಳಗಿನ ಗಾಯ ಮಾಯುತ್ತಿರುವ ಗುರುತು. ಮುಂದಿನ ಭೇಟಿಯಲ್ಲಿ ತೋರಿಸಿದರಾಯಿತು. ಸಿಗರೇಟ್ ಸೇದುತ್ತಿದ್ದರೆ ಆಪರೇಷನ್‌ಗೆ ನಾಲ್ಕು ವಾರ ಮುಂಚಿನಿಂದ, ನಾಲ್ಕು ವಾರ ನಂತರದವರೆಗೆ ಬಿಡಿ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದೆ. ವೇಪ್ ಕೂಡ ಅದೇ.

ಪ್ರಶ್ನೆ: ಕಲಬುರಗಿಯ ಬಿಸಿಲಿನಲ್ಲಿ ಈ ಉಡುಪು ಹಾಕಿ ಮೈಯೆಲ್ಲ ಬೆವರುಸಾಲೆ. ಒಗೆದರೆ ಸಡಿಲವಾಗುತ್ತಿದೆ.

ಉತ್ತರ: ಅವಸರವಿಲ್ಲದ ಸರ್ಜರಿಯನ್ನು ಏಪ್ರಿಲ್, ಮೇನಲ್ಲಿ ಇಟ್ಟುಕೊಳ್ಳದಿರುವುದೇ ಲೇಸು. ಈಗಿನ ಮಟ್ಟಿಗೆ: ಒಳಗೆ ಹೊಲಿಗೆಯಿಲ್ಲದ ತೆಳು ಹತ್ತಿ ಬನಿಯನ್ ಹಾಕಿ, ಸುಕ್ಕು ಬೀಳದಂತೆ ಎಳೆದುಕೊಳ್ಳಿ. ಗಾಯದ ಹತ್ತಿರ ಪೌಡರ್ ಬೇಡ. ಎರಡು ಜೊತೆ ಇಟ್ಟುಕೊಂಡು ದಿನಾ ಬದಲಿಸಿ. ತಣ್ಣೀರಿಗೆ ಸೌಮ್ಯ ಸೋಪಿನ ನೀರು ಬೆರೆಸಿ ಅದ್ದಿ ಹಿಸುಕಿ. ಕಲ್ಲಿಗೆ ಬಡಿಯುವುದು, ಬ್ರಷ್, ಬ್ಲೀಚ್, ಕಂಫರ್ಟ್‌ನಂಥ ಸಾಫ್ಟ್‌ನರ್ ಬೇಡ. ತಿರುಚಿ ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ. ಉಡುಪನ್ನು ಹಿಗ್ಗಿಸುವ ಸ್ಪ್ಯಾಂಡೆಕ್ಸ್ ಎಳೆಗೆ ಕ್ಲೋರಿನ್ನೂ ಬಿಸಿಯೂ ಶತ್ರು. ಕೊನೆಯ ಹುಕ್ಕಿಗೆ ಹಾಕಿದರೂ ಸಡಿಲವಿದ್ದರೆ ಊತ ಇಳಿದಿರಬಹುದು, ಅಳತೆ ತೆಗೆಸಿ.

ಪ್ರಶ್ನೆ: ರಜೆಯಲ್ಲಿ ಬಂದು ಲೈಪೊ ಮಾಡಿಸಿಕೊಂಡು ಹತ್ತನೇ ದಿನಕ್ಕೆ ಅಮೆರಿಕಕ್ಕೆ ಹಿಂತಿರುಗಬಹುದೇ? ಗಾರ್ಮೆಂಟ್ ಇರುವುದರಿಂದ ಕಾಲಿಗೆ ಬೇರೆ ಸಾಕ್ಸ್ ಬೇಕಿಲ್ಲ ತಾನೇ?

ಉತ್ತರ: ಬೇಕಾಗಬಹುದು. ಹೊಟ್ಟೆಯ ಉಡುಪಿಗೂ ಹೆಪ್ಪು ತಡೆಯುವ ಕಾಲುಚೀಲಕ್ಕೂ ಸಂಬಂಧವಿಲ್ಲ. ಕಾಲುಚೀಲದ ಒತ್ತಡ ಹರಡಿನಲ್ಲಿ ಹೆಚ್ಚಿದ್ದು ಮೇಲೆ ಹೋದಂತೆ ಕಡಿಮೆಯಾಗುತ್ತದೆ. ಬ್ರಿಟನ್‌ನಲ್ಲಿ ಲೈಪೊಸಕ್ಷನ್ ನಂತರ 5–7 ದಿನ, ಟಮ್ಮಿ ಟಕ್ ನಂತರ 7–10 ದಿನ ವಿಮಾನ ಬೇಡ ಎಂಬ ಸಲಹೆಯಿದೆ. ಅದು ಕನಿಷ್ಠ ಲೆಕ್ಕ. ಇಪ್ಪತ್ತು ಗಂಟೆ ಮೀರುವ ಪ್ರಯಾಣಕ್ಕೆ ಮೂರ್ನಾಲ್ಕು ವಾರ ಬಿಡುವುದು ನಮ್ಮ ಅಭಿಪ್ರಾಯ. ನೀರು ನಿಂತರೆ ತೆಗೆಯುವವರು, ಹೊಲಿಗೆ ನೋಡುವವರು ಬೇಕಲ್ಲ? ಅಲ್ಲಿನ ಡಾಕ್ಟರು ಬೇರೆಯವರ ಕೆಲಸ ಮುಟ್ಟಲು ಹಿಂಜರಿಯುತ್ತಾರೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಹೆಪ್ಪಾದವರು ಅದನ್ನು ಮೊದಲೇ ಸರ್ಜನ್‌ಗೆ ಹೇಳಲೇಬೇಕು.

ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಿಸಬೇಡಿ, ಆಸ್ಪತ್ರೆಗೆ ಹೋಗಿ ಡಾಪ್ಲರ್ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿ. ದಿಢೀರ್ ಏದುಸಿರು, ಉಸಿರೆಳೆದರೆ ಎದೆ ಚುಚ್ಚುವುದು, ಕೆಮ್ಮಿದರೆ ರಕ್ತ: ಇವಿದ್ದರೆ ಕ್ಲಿನಿಕ್‌ಗೆ ಫೋನ್ ಮಾಡುತ್ತಾ ಕೂರದೆ 108 ಕರೆದು ಐ.ಸಿ.ಯು. ಇರುವ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬದನೆ, ಕುಂಬಳ, ಮೀನು ನಂಜಾಗುತ್ತದೆ ಎಂದು ಅತ್ತೆ ಬರೀ ಗಂಜಿ ಕೊಡುತ್ತಿದ್ದಾರೆ. ಕಲೆಗೆ ಅರಿಶಿನ ಹಚ್ಚಬಹುದೇ?
— ಸೊಸೆ, ಕುಂದಾಪುರ

ಉತ್ತರ: ಅಲರ್ಜಿ ಇಲ್ಲದಿದ್ದರೆ ಯಾವುದೂ ನಂಜಲ್ಲ. ಗಾಯ ಮಾಯಲು ಪ್ರೋಟೀನ್ ಬೇಕು, ಗಂಜಿಯಲ್ಲಿ ಅದು ಕಡಿಮೆ. ಮೀನು, ಮೊಟ್ಟೆ, ಬೇಳೆ, ಮೊಸರು ಚೆನ್ನಾಗಿ ತಿನ್ನಿ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ, ಉಪ್ಪು ಊತ ಹೆಚ್ಚಿಸುತ್ತದೆ. ಹಸಿಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಏನೂ ಬೇಡ. ಹೊಲಿಗೆ ಪೂರ್ತಿ ಕೂಡಿ ಹಕ್ಕಳೆ ಉದುರಿದ ಮೇಲೆ ಸಿಲಿಕೋನ್ ಜೆಲ್ ದಿನಕ್ಕೆರಡು ಸಲ ತೆಳುವಾಗಿ ಹಚ್ಚಿ, ಎರಡು ಮೂರು ತಿಂಗಳು ಬಿಡದೆ. ಜೆಲ್ ಒಣಗಿದ ಮೇಲೆಯೇ ಗಾರ್ಮೆಂಟ್ ಹಾಕಿ, ಇಲ್ಲದಿದ್ದರೆ ಎಲ್ಲ ಬಟ್ಟೆಗೇ ಅಂಟಿಹೋಗುತ್ತದೆ.