405 ಬಂದ್ರೆ ಪಾಸ್‌ವರ್ಡ್ ಮುಟ್ಟಬೇಡಿ, ವಿಳಾಸದ ಕೊನೆ ನೋಡಿ

ಶಿರಾದ ಅಣ್ಣ ಕೇಳಿರೋದು ಇದು: ಬೋರ್‌ವೆಲ್ ಸ್ಟಾರ್ಟರ್ ಲಾಗ್ ಓದೋ ಜಾವಾ ಲೈಬ್ರರಿನ ಮನೆಯ ಹಳೇ ಡೆಸ್ಕ್‌ಟಾಪ್‌ನಲ್ಲಿರೋ ನೆಕ್ಸಸ್‌ಗೆ (ಲೈಬ್ರರಿಗಳನ್ನ ಇಟ್ಟು ಹಂಚೋ ಸರ್ವರ್) ಗ್ರೇಡಲ್‌ನಿಂದ (ಬಿಲ್ಡ್ ಮಾಡೋ ಸಾಧನ) ಕಳಿಸಿದ್ರೆ 405, ಅಂದ್ರೆ ‘ಈ ಕೆಲಸಕ್ಕೆ ಇಲ್ಲಿ ಅವಕಾಶ ಇಲ್ಲ’ ಅನ್ನೋ ಎರರ್, ಬರುತ್ತೆ. ಅದೇ ವಿಳಾಸದಿಂದ ಇಳಿಸಿಕೊಳ್ಳೋಕೆ ಆಗ್ತಿದೆ, ಹಾಗಾದ್ರೆ ವಿಳಾಸ, ಪಾಸ್‌ವರ್ಡ್ ಎರಡೂ ಸರಿ ಇರಬೇಕಲ್ವಾ ಅಂತ.

ಇಳಿಸಿಕೊಳ್ಳೋಕೆ ಆಯ್ತು ಅಂದ ಮಾತ್ರಕ್ಕೆ ಪಾಸ್‌ವರ್ಡ್ ಸರಿ ಅನ್ನೋಕಾಗಲ್ಲ. ನೆಕ್ಸಸ್ ಕೂರಿಸುವಾಗ ಲಾಗಿನ್ ಇಲ್ಲದೆ ಓದೋಕೆ ಬಿಡಬೇಕಾ ಅಂತ ಕೇಳುತ್ತೆ. ಹೂಂ ಅಂದಿದ್ರೆ ಓದುವಾಗ ಪಾಸ್‌ವರ್ಡ್ ನೋಡೋದೇ ಇಲ್ಲ. ಆದ್ರೆ ನಿಮ್ಮ 405 ಬೇರೆ ಕಥೆ. ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲಿ ವಿಳಾಸದ ಕೊನೆಗೆ ಮಾವೆನ್-ಪಬ್ಲಿಕ್ ಅಂತಿದೆ. ಅದು ಗ್ರೂಪ್ ರೆಪಾಸಿಟರಿ. ರಿಲೀಸಸ್ (ಮುಗಿದ ವರ್ಶನ್‌ಗಳು), ಸ್ನ್ಯಾಪ್‌ಶಾಟ್ಸ್ (ಇನ್ನೂ ತಿದ್ದುತ್ತಿರೋ ವರ್ಶನ್‌ಗಳು), ಸೆಂಟ್ರಲ್ (ಎಲ್ಲರಿಗೂ ತೆರೆದಿರೋ ಮಾವೆನ್ ಭಂಡಾರ) ಮೂರನ್ನೂ ಒಟ್ಟು ಸೇರಿಸಿ ತೋರಿಸುತ್ತೆ ಅಷ್ಟೇ. ಅಲ್ಲಿಗೆ ಕಳಿಸೋದು ಕೆರೆ ತೂಬಿನ ಕಡೆಯಿಂದ ನೀರು ತುಂಬಿಸೋಕೆ ಹೋದ ಹಾಗೆ. ಕಳಿಸಬೇಕಾದ್ದು ಮಾವೆನ್-ರಿಲೀಸಸ್‌ಗೆ ಅಥವಾ ಮಾವೆನ್-ಸ್ನ್ಯಾಪ್‌ಶಾಟ್ಸ್‌ಗೆ.

ಈಗ ಬಿಲ್ಡ್ ಫೈಲ್‌ನ ಮೊದಲಿಂದ ನೋಡೋಣ. (ಹೆಸರುಗಳನ್ನ ಇಲ್ಲಿ ಕನ್ನಡದಲ್ಲಿ ಬರೆದಿದ್ದೀನಿ, ಫೈಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಹೊಡೀರಿ.) ಪ್ಲಗಿನ್ಸ್‌ಗೆ ಜಾವಾ-ಲೈಬ್ರರಿ, ಮಾವೆನ್-ಪಬ್ಲಿಷ್ ಎರಡನ್ನೂ ಹಾಕಿ. ಅಪ್‌ಲೋಡ್‌ಆರ್ಕೈವ್ಸ್ ಅಂತ ಹೇಳಿಕೊಡೋ ಹಳೇ ಪಾಠ ಬಿಟ್ಟುಬಿಡಿ, ಅದು ನಂಬಿಕೊಂಡಿದ್ದ ಪ್ಲಗಿನ್ ಗ್ರೇಡಲ್ 7ರಲ್ಲೇ ಹೋಯ್ತು. ಕೆಳಗೆ ಗ್ರೂಪ್, ವರ್ಶನ್ ಬರೀರಿ. ಗ್ರೂಪ್ ಖಾಲಿ ಇದ್ರೆ ಎರರ್ ಕೊಟ್ಟು ನಿಲ್ಲುತ್ತೆ. ವರ್ಶನ್ ಮರೆತ್ರೆ ನಿಲ್ಲಲ್ಲ, ‘ಅನ್‌ಸ್ಪೆಸಿಫೈಡ್’ ಅನ್ನೋ ವರ್ಶನ್‌ನಲ್ಲೇ ಹೋಗಿ ಕೂತ್ಕೊಳ್ಳುತ್ತೆ. ಲೈಬ್ರರಿ ಹೆಸರು ಸೆಟ್ಟಿಂಗ್ಸ್ ಫೈಲ್‌ನ ರೂಟ್‌ಪ್ರಾಜೆಕ್ಟ್ ಹೆಸರಿಂದ ಬರುತ್ತೆ. ಅದನ್ನ ಬರೆಯದಿದ್ರೆ ಫೋಲ್ಡರ್ ಹೆಸರೇ ಲೈಬ್ರರಿ ಹೆಸರು, ಫೋಲ್ಡರ್‌ನ ‘ಹೊಸದು2’ ಅಂತ ಕಾಪಿ ಮಾಡಿದ ದಿನ ಅದೂ ಬದಲಾಗುತ್ತೆ.

ಪಬ್ಲಿಷಿಂಗ್ ಬ್ಲಾಕ್‌ನಲ್ಲಿ ಎರಡು ಭಾಗ. ಪಬ್ಲಿಕೇಶನ್ಸ್ ಒಳಗೆ ಒಂದು ಮಾವೆನ್ ಪಬ್ಲಿಕೇಶನ್, ಅದರಲ್ಲಿ ‘ಫ್ರಮ್ ಕಾಂಪೊನೆಂಟ್ಸ್ ಜಾವಾ’ ಸಾಲು. ಈ ಸಾಲು ಬಿಟ್ಟುಹೋದ್ರೆ ಪಾಮ್ (ಲೈಬ್ರರಿಯ ವಿವರ ಇರೋ ಫೈಲ್) ಮಾತ್ರ ಹೋಗುತ್ತೆ, ಜಾರ್ (ಕಂಪೈಲ್ ಆದ ಕೋಡ್ ಇರೋ ಫೈಲ್) ಇರಲ್ಲ. ರೆಪಾಸಿಟರೀಸ್ ಒಳಗೆ ಹೆಸರು, ವಿಳಾಸ, ಕ್ರೆಡೆನ್ಶಿಯಲ್ಸ್ (ಯೂಸರ್ ಹೆಸರು, ಪಾಸ್‌ವರ್ಡ್). ವರ್ಶನ್ ಸ್ನ್ಯಾಪ್‌ಶಾಟ್ ಅಂತ ಮುಗಿದ್ರೆ ಒಂದು ವಿಳಾಸ, ಇಲ್ಲದಿದ್ರೆ ಇನ್ನೊಂದು ಅಂತ ಇಫ್ ಹಾಕಿಕೊಳ್ಳಿ. ಆ ಇಫ್‌ಗಿಂತ ಮೇಲೆ ವರ್ಶನ್ ಸಾಲು ಇರಬೇಕು, ಕೆಳಗಿದ್ರೆ ಯಾವಾಗ್ಲೂ ರಿಲೀಸಸ್‌ಗೇ ಹೋಗುತ್ತೆ. ವಿಳಾಸ ಬರೀ ಹೆಚ್‌ಟಿಟಿಪಿ, ಪೋರ್ಟ್ 8081 ಆಗಿರೋದ್ರಿಂದ ಅಲೋ ಇನ್‌ಸೆಕ್ಯೂರ್ ಪ್ರೋಟೋಕಾಲ್ ಟ್ರೂ ಮಾಡಿ. ಗ್ರೇಡಲ್ 7ರಿಂದ ಈಚೆಗೆ ಅದಿಲ್ಲದೆ ಮುಂದಕ್ಕೇ ಹೋಗಲ್ಲ. ಮನೆ ವೈಫೈ ಒಳಗೆ ಪರವಾಗಿಲ್ಲ, ಇಂಟರ್ನೆಟ್‌ಗೆ ತೆರೆದಿಟ್ರೆ ಪಾಸ್‌ವರ್ಡ್ ಬೀದಿಗೆ ಬಿತ್ತು ಅಂತ್ಲೇ ಲೆಕ್ಕ.

ಪಾಸ್‌ವರ್ಡ್ ಬಿಲ್ಡ್ ಫೈಲ್‌ನಲ್ಲಿ ಬರೆದಿದ್ದೀರಿ, ತೆಗೀರಿ. ರೆಪಾಸಿಟರಿಗೆ ‘ತೋಟ’ ಅಂತ ಹೆಸರಿಟ್ರೆ, ಯೂಸರ್ ಫೋಲ್ಡರ್‌ನ ಡಾಟ್-ಗ್ರೇಡಲ್ ಒಳಗಿರೋ ಗ್ರೇಡಲ್ ಪ್ರಾಪರ್ಟೀಸ್ ಫೈಲ್‌ನಲ್ಲಿ ತೋಟಯೂಸರ್‌ನೇಮ್, ತೋಟಪಾಸ್‌ವರ್ಡ್ ಅಂತ ಎರಡು ಸಾಲು ಹಾಕಿ. ಬಿಲ್ಡ್ ಫೈಲ್‌ನಲ್ಲಿ ಪಾಸ್‌ವರ್ಡ್‌ಕ್ರೆಡೆನ್ಶಿಯಲ್ಸ್ ಅಂದ್ರೆ ಸಾಕು, ಗ್ರೇಡಲ್ ತಾನೇ ಹುಡುಕಿಕೊಳ್ಳುತ್ತೆ. ಹೆಸರಲ್ಲಿ ಅಕ್ಷರ, ಅಂಕಿ ಮಾತ್ರ ಇರಲಿ. ಅಡ್ಡಗೆರೆ (-) ಹಾಕಿದ್ರೆ ಒಪ್ಪಲ್ಲ. ಇನ್ನೊಂದು: ಪ್ರಾಪರ್ಟೀಸ್ ಫೈಲ್‌ನಲ್ಲಿ ಸಾಲಿನ ಕೊನೆಯ ಸ್ಪೇಸ್ ಕೂಡ ಪಾಸ್‌ವರ್ಡ್‌ನ ಭಾಗ. ವಾಟ್ಸಾಪ್‌ನಿಂದ ಕಾಪಿ ಮಾಡಿ ಅಂಟಿಸಿದಾಗ ಆ ಸ್ಪೇಸ್ ಬಂದು ಕೂತ್ರೆ ಕಣ್ಣಿಗೆ ಕಾಣಲ್ಲ, 401 (ಲಾಗಿನ್ ಒಪ್ಪಲಿಲ್ಲ ಅನ್ನೋ ಎರರ್) ಮಾತ್ರ ಬರ್ತಾನೇ ಇರುತ್ತೆ. ಪಾಸ್‌ವರ್ಡ್‌ನಲ್ಲಿ ಹಿಂದಕ್ಕೆ ವಾಲಿದ ಗೆರೆ (\) ಇದ್ರೆ ಅದನ್ನ ಎರಡು ಸಲ ಬರೀಬೇಕು.

ಸರ್ವರ್‌ಗೆ ಕಳಿಸೋ ಮುಂಚೆ, ರೆಪಾಸಿಟರಿ ವಿಳಾಸದ ಜಾಗದಲ್ಲಿ ಬಿಲ್ಡ್ ಫೋಲ್ಡರ್ ಒಳಗಿನ ಒಂದು ಫೋಲ್ಡರ್ ಕೊಟ್ಟು ಒಮ್ಮೆ ಪಬ್ಲಿಷ್ ಮಾಡಿ, ತೆಗೆದು ನೋಡಿ. ಜಾರ್, ಪಾಮ್, ಮಾಡ್ಯೂಲ್ (ಗ್ರೇಡಲ್‌ನದೇ ವಿವರದ ಫೈಲ್) ಅಂತ ಮೂರು ಫೈಲ್, ಒಂದೊಂದರ ಬೆನ್ನಿಗೆ ಎಂಡಿ5, ಶಾ1, ಶಾ256, ಶಾ512 ಅಂತ ನಾಲ್ಕು ಚಿಕ್ಕ ಫೈಲ್ (ಮೂಲ ಫೈಲ್ ಕೆಟ್ಟಿಲ್ಲ ಅಂತ ತಾಳೆ ನೋಡೋಕೆ) ಇರಬೇಕು. ಪಾಮ್ ತೆಗೆದು ಡಿಪೆಂಡೆನ್ಸಿಗಳ (ನಿಮ್ಮ ಲೈಬ್ರರಿಗೆ ಬೇಕಾದ ಬೇರೆ ಲೈಬ್ರರಿಗಳ) ಸ್ಕೋಪ್, ಅಂದ್ರೆ ಯಾವ ಹಂತದಲ್ಲಿ ಬೇಕು ಅನ್ನೋದನ್ನ, ನೋಡಿ. ಎಪಿಐ ಅಂತ ಹಾಕಿದ್ದು ಕಂಪೈಲ್ ಅಂತಲೂ, ಇಂಪ್ಲಿಮೆಂಟೇಶನ್ ಅಂತ ಹಾಕಿದ್ದು ರನ್‌ಟೈಮ್ ಅಂತಲೂ ಬಂದಿರುತ್ತೆ. ನಿಮ್ಮ ಮೆಥಡ್ ಬೇರೆ ಲೈಬ್ರರಿಯ ಟೈಪನ್ನ ವಾಪಸ್ ಕೊಡ್ತಿದ್ರೆ ಆ ಲೈಬ್ರರಿ ಎಪಿಐ ಆಗಿರಬೇಕು. ಇಲ್ಲಾಂದ್ರೆ ನಿಮ್ಮ ಕಡೆ ಎಲ್ಲ ಚೆನ್ನಾಗಿದ್ದು, ಬಳಸೋರ ಕಡೆ ಕಂಪೈಲ್ ಆಗಲ್ಲ.

ನಮ್ಮ ಕಡೆಗೆ ಖಾಸಾ ತೊಂದರೆ ಕರೆಂಟು. ಗ್ರೇಡಲ್ ಫೈಲ್‌ಗಳನ್ನ ಒಂದೊಂದಾಗಿ ಕಳಿಸುತ್ತೆ. 1.2.0ರ ಜಾರ್ ಹೋಗಿ, ಪಾಮ್ ಹೋಗೋ ಮುಂಚೆ ಕರೆಂಟ್ ಹೋಯ್ತು ಅನ್ನಿ. ವಾಪಸ್ ಬಂದ ಮೇಲೆ ಮತ್ತೆ ಪಬ್ಲಿಷ್ ಕೊಟ್ರೆ 400, ಫೈಲ್ ಬದಲಿಸೋಕೆ ಬಿಡಲ್ಲ ಅನ್ನುತ್ತೆ. ರಿಲೀಸಸ್‌ನಲ್ಲಿ ಒಂದು ಸಲ ಬಿದ್ದ ಫೈಲ್‌ನ ತಿದ್ದೋ ಹಾಗಿಲ್ಲ ಅನ್ನೋದೇ ಅದರ ನಿಯಮ. ಆ ನಿಯಮ ಸಡಿಲ ಮಾಡೋಕೆ ಸೆಟ್ಟಿಂಗ್ ಇದೆ, ಮಾಡಬೇಡಿ, ಒಂದೇ 1.2.0 ಎರಡು ಫೋನ್‌ನಲ್ಲಿ ಎರಡು ಥರ ನಡೆದ್ರೆ ಹುಡುಕೋದು ಯಾರ ಕೈಲೂ ಆಗಲ್ಲ. ನೆಕ್ಸಸ್ ಪರದೆಯಲ್ಲಿ ಆ ಅರೆಬರೆ 1.2.0 ಅಳಿಸಿ ಮತ್ತೆ ಕಳಿಸಿ, ಯಾರಾದ್ರೂ ಇಳಿಸಿಕೊಂಡಿರಬಹುದು ಅನಿಸಿದ್ರೆ 1.2.1 ಮಾಡಿ. ಡೆಸ್ಕ್‌ಟಾಪ್‌ಗೆ, ರೌಟರ್‌ಗೆ ಎರಡಕ್ಕೂ ಯುಪಿಎಸ್ ಬೇಕು. ದಿನಾ ತಿದ್ದುವಾಗ ಸ್ನ್ಯಾಪ್‌ಶಾಟ್ ಬಳಸಿದ್ರೆ ಈ ಗೋಳೇ ಇಲ್ಲ.

400 ಬರೋಕೆ ಇನ್ನೊಂದು ಕಾರಣ, ಸ್ನ್ಯಾಪ್‌ಶಾಟ್ ವರ್ಶನ್‌ನ ರಿಲೀಸಸ್‌ಗೆ ಕಳಿಸೋದು. 403 ಬಂದ್ರೆ ಪಾಸ್‌ವರ್ಡ್ ಸರಿ ಇದೆ, ಆ ಯೂಸರ್‌ಗೆ ಬರೆಯೋ ಅನುಮತಿ ಇಲ್ಲ.

ಈ ಲೈಬ್ರರಿ ಬಳಸೋ ಆಪ್ ಕಡೆ ವಿಳಾಸ ಮಾವೆನ್-ಪಬ್ಲಿಕ್ಕೇ ಇರಲಿ, ಅಲ್ಲೂ ಆ ಇನ್‌ಸೆಕ್ಯೂರ್ ಸಾಲು ಬೇಕು. ಹೊಸ ಸ್ನ್ಯಾಪ್‌ಶಾಟ್ ಕಳಿಸಿದ್ರೂ ಆಪ್‌ನಲ್ಲಿ ಹಳೇದೇ ಬರ್ತಿದೆ ಅಂದ್ರೆ ಗ್ರೇಡಲ್ ಅದನ್ನ 24 ಗಂಟೆ ಕ್ಯಾಶ್‌ನಲ್ಲಿ ಇಟ್ಕೊಂಡಿರುತ್ತೆ. ರಿಫ್ರೆಶ್-ಡಿಪೆಂಡೆನ್ಸೀಸ್ ಆಪ್ಷನ್ ಹಾಕಿ ಒಂದು ಸಲ ಬಿಲ್ಡ್ ಮಾಡಿ.