ರೇಡ್ ಇದ್ದ ಮೇಲೆ ಬ್ಯಾಕಪ್ ಏಕೆ?

ಪ್ರಶ್ನೆ: ಮೇಡಂ, ನಮ್ಮದು ಶಿರಸಿ ಸಮೀಪದ ಹಳ್ಳಿ. ತಂದೆಯವರು 1980ರ ದಶಕದಿಂದ ಕ್ಯಾಸೆಟ್‌ಗಳಲ್ಲಿ ಹಿಡಿದಿಟ್ಟ ತಾಳಮದ್ದಳೆಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಹಳೆಯ ಡೆಸ್ಕ್‌ಟಾಪ್‌ಗೆ ಓಪನ್‌ಮೀಡಿಯಾವಾಲ್ಟ್ (ಮನೆಯ ಕಡತ ಸರ್ವರ್ ನಡೆಸುವ ತಂತ್ರಾಂಶ) ಹಾಕಿ, 2 ಟಿಬಿಯ ಎರಡು ಡಿಸ್ಕ್‌ಗಳನ್ನು ರೇಡ್ 1ರಲ್ಲಿ, ಅಂದರೆ ಬರೆದದ್ದೆಲ್ಲ ಎರಡರಲ್ಲೂ ಬೀಳುವಂತೆ, ಜೋಡಿಸಿದ್ದೇನೆ. ಅದು ಶೇ 94ರಷ್ಟು ತುಂಬಿದೆ. 8 ಟಿಬಿಯ ಎರಡು ಹೊಸ ಡಿಸ್ಕ್ ತರಿಸಿದ್ದೇನೆ. ಹಳೆಯದನ್ನು ಒಂದೊಂದಾಗಿ ತೆಗೆದು ಅದರ ಜಾಗಕ್ಕೆ ಹೊಸದನ್ನು ಹಾಕಿದರೆ ಸಾಕೇ? ಎರಡು ಡಿಸ್ಕ್‌ಗಳಲ್ಲೂ ಒಂದೇ ಮಾಹಿತಿ ಇರುವುದರಿಂದ ಬೇರೆ ಬ್ಯಾಕಪ್ ಬೇಡವೆಂದು ಗೆಳೆಯರು ಹೇಳುತ್ತಾರೆ.
– ಓದುಗರು, ಶಿರಸಿ ತಾಲ್ಲೂಕು

ಉತ್ತರ: ನಿಮ್ಮ ಪತ್ರದ ಮೊದಲ ಸಾಲುಗಳನ್ನು ಓದಿ ತುಂಬಾ ಸಂತೋಷವಾಯಿತು, ಕೊನೆಯ ವಾಕ್ಯ ಓದಿ ಭಯವಾಯಿತು. ಗೆಳೆಯರ ಈ ಮಾತನ್ನು ದಯವಿಟ್ಟು ಕೇಳಬೇಡಿ.

ರೇಡ್ ಎಂಬ ಕಲ್ಪನೆಯನ್ನು 1988ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಮುಂದಿಟ್ಟಾಗ ಅವರಿಗಿದ್ದ ಗುರಿ ಬೇರೆ. ದುಬಾರಿಯ ಒಂದು ದೊಡ್ಡ ಡಿಸ್ಕ್ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಜೋಡಿಸಿ ವೇಗ ಪಡೆಯಬೇಕು, ಅವುಗಳಲ್ಲಿ ಒಂದು ಕೆಟ್ಟರೂ ಕೆಲಸ ನಿಲ್ಲಬಾರದು. ಅಷ್ಟೇ. ನೀವು ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ಎರಡೂ ಡಿಸ್ಕ್‌ಗಳಿಂದ ಒಂದೇ ಕ್ಷಣದಲ್ಲಿ ಹೋಗುತ್ತದೆ. ಮನೆಯ ಲ್ಯಾಪ್‌ಟಾಪ್‌ಗೆ ಹೊಕ್ಕ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಹಂಚಿದ ಫೋಲ್ಡರಿಗೂ ಕೈ ಹಾಕಿದರೆ, ಎರಡೂ ಕಡೆ ಬೀಗ ಬೀಳುತ್ತದೆ. ಎರಡು ಡಿಸ್ಕ್‌ಗಳಿಗೂ ಒಂದೇ ಪವರ್ ಸಪ್ಲೈ, ಒಂದೇ ಪೆಟ್ಟಿಗೆ. ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲು ಹೇಗಿರುತ್ತದೆಂದು ಶಿರಸಿ ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ.

ನೀವು ಕೇಳಿದ ಒಂದೊಂದಾಗಿ ಬದಲಿಸುವ ದಾರಿ ಸಾಧ್ಯವಿದೆ, ಬಹಳ ಜನ ಮಾಡುತ್ತಾರೆ. ಆದರೆ ಆಗ ಹೊಸದಕ್ಕೆ ನಕಲಿಸಲು ಉಳಿದ ಹಳೆಯ ಡಿಸ್ಕನ್ನು ಮೊದಲ ಸೆಕ್ಟರಿನಿಂದ (ಡಿಸ್ಕಿನಲ್ಲಿ ಮಾಹಿತಿ ಕೂರುವ ಸಣ್ಣ ತುಣುಕು) ಕೊನೆಯವರೆಗೆ ಒಂದೇ ಸಮನೆ ಓದಬೇಕಾಗುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ಮೂಲೆಯ ಸೆಕ್ಟರು ಹಾಳಾಗಿರುವುದು ತಿಳಿಯುವುದು ಆ ಹೊತ್ತಿನಲ್ಲೇ. ನಿಮ್ಮ ಎರಡು ಹಳೆಯ ಡಿಸ್ಕ್‌ಗಳು ಒಂದೇ ದಿನ ಕೊಂಡವಾಗಿದ್ದರೆ, ಎರಡೂ ಅಷ್ಟೇ ಗಂಟೆ ತಿರುಗಿ ಅಷ್ಟೇ ಸವೆದಿವೆ.

ಆದ್ದರಿಂದ ಹಳೆಯದನ್ನು ಹಿಗ್ಗಿಸುವ ಕೆಲಸಕ್ಕೇ ಹೋಗಬೇಡಿ. ಅದರ ಪಕ್ಕದಲ್ಲಿ ಹೊಸದನ್ನು ಕಟ್ಟಿ. ಡೆಸ್ಕ್‌ಟಾಪ್ ಮದರ್‌ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಡಿಸ್ಕ್ ಸಿಕ್ಕಿಸುವ ನಾಲ್ಕು ಸಾಟಾ ಕಿಂಡಿಗಳಾದರೂ ಇರುತ್ತವೆ. ಹಳೆಯ ಎರಡನ್ನು ಹಾಗೆಯೇ ಬಿಟ್ಟು ಹೊಸ ಎರಡನ್ನು ಸಿಕ್ಕಿಸಿ. ಪವರ್ ತಂತಿ ಸಾಲದಿದ್ದರೆ ಅಗ್ಗದ ಮೋಲೆಕ್ಸ್–ಸಾಟಾ ಪರಿವರ್ತಕ (ಹಳೆಯ ಬಗೆಯ ಪವರ್ ತಂತಿಯನ್ನು ಸಾಟಾ ಡಿಸ್ಕ್‌ಗೆ ಹೊಂದಿಸುವುದು) ತರಬೇಡಿ. ಅಂಥವು ಒಳಗೇ ತಂತಿಗೆ ತಂತಿ ತಗುಲಿಕೊಂಡು ಸುಟ್ಟುಹೋಗುವುದುಂಟು. ಒಳ್ಳೆಯ ಪವರ್ ಸಪ್ಲೈಗೆ ಖರ್ಚು ಮಾಡಿ.

ಹೊಸ ಡಿಸ್ಕನ್ನು ಹೊಸದೆಂಬ ಒಂದೇ ಕಾರಣಕ್ಕೆ ನಂಬಬೇಡಿ. ಡಿಸ್ಕ್ ತನ್ನನ್ನು ತಾನೇ ತಪಾಸಿಸಿಕೊಳ್ಳುವ ಸ್ಮಾರ್ಟ್ ಪರೀಕ್ಷೆಯಲ್ಲಿ ದೀರ್ಘ ಬಗೆಯದನ್ನು ಆರಿಸಿ ಓಡಿಸಿ. 8 ಟಿಬಿಗೆ ಅರ್ಧ ದಿನವೋ ಹೆಚ್ಚೋ ಹಿಡಿಯುತ್ತದೆ. ಮುಗಿದ ಮೇಲೆ ವರದಿಯಲ್ಲಿ 5, 197 ಮತ್ತು 198ನೆಯ ಸಾಲುಗಳನ್ನು ನೋಡಿ. ಬದಲಾಯಿಸಿದ ಸೆಕ್ಟರುಗಳು, ಓದಲಾಗದೆ ಬಾಕಿ ಉಳಿದವು, ಸರಿಪಡಿಸಲಾಗದವು ಅಲ್ಲಿ ತಿಳಿಯುತ್ತವೆ. ಮೂರೂ ಸೊನ್ನೆ ಇರಬೇಕು. ಒಂದೇ ಒಂದು ಇದ್ದರೂ ಅಂಗಡಿಗೆ ಹಿಂದಿರುಗಿಸಿ, ಸಂಕೋಚ ಬೇಡ. ಅದೇ ಪರೀಕ್ಷೆಯನ್ನು ಹಳೆಯ ಎರಡಕ್ಕೂ ಮಾಡಿಸಿ, ಆದರೆ ನಕಲು ಮುಗಿದ ಮೇಲೆ.

ಪಾರ್ಟಿಷನ್ ಮಾಡುವುದಿದ್ದರೆ, ಅಂದರೆ ಡಿಸ್ಕನ್ನು ಭಾಗಗಳಾಗಿ ಗುರುತಿಸುವುದಿದ್ದರೆ, ಜಿಪಿಟಿ ಬಗೆಯ ಪಟ್ಟಿಯನ್ನೇ ಆರಿಸಿ. ಹಳೆಯ ಎಂಬಿಆರ್ ಪಟ್ಟಿಗೆ ಸುಮಾರು 2.2 ಟಿಬಿಯಿಂದ ಆಚೆ ಲೆಕ್ಕ ಬರುವುದಿಲ್ಲ. ನಿಮ್ಮ 2 ಟಿಬಿ ಡಿಸ್ಕ್‌ಗೆ ಅದು ತೊಂದರೆ ಕೊಟ್ಟಿರಲಿಕ್ಕಿಲ್ಲ, 8 ಟಿಬಿಗೆ ಕೊಡುತ್ತದೆ. ಇನ್ನು ಡಿಸ್ಕಿನ ಮೇಲೆ 8 ಎಂದಿದ್ದರೂ ಪರದೆಯ ಮೇಲೆ 7.2ರ ಆಸುಪಾಸು ಕಂಡರೆ ಗಾಬರಿಯಾಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು 1024ರ ಲೆಕ್ಕದಲ್ಲಿ.

ಬಳಿಕ ಹೊಸ ಎರಡನ್ನು ಬೇರೆಯದೇ ರೇಡ್ 1 ಆಗಿ ಕಟ್ಟಿ, ನಕಲು ತೆಗೆಯುವ ತಂತ್ರಾಂಶವಾದ ಆರ್‌ಸಿಂಕ್‌ನಿಂದ ಹಳೆಯದರ ಎಲ್ಲವನ್ನೂ ನಕಲಿಸಿ. ಒಂದೇ ಯಂತ್ರದೊಳಗೆ ನಡೆಯುವ ಕೆಲಸವಾದ್ದರಿಂದ ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಗಿನ ಹೊತ್ತಿಗೆ ಮುಗಿದಿರುತ್ತದೆ. ಮುಗಿದ ಮೇಲೆ ಚೆಕ್‌ಸಮ್ ಆಯ್ಕೆಯೊಂದಿಗೆ ಇನ್ನೊಮ್ಮೆ ಓಡಿಸಿ. ಆಗ ಅದು ಗಾತ್ರ, ದಿನಾಂಕಗಳನ್ನಷ್ಟೇ ನೋಡದೆ ಎರಡೂ ಕಡೆಯ ಕಡತಗಳನ್ನು ಪೂರ್ತಿ ಓದಿ ಹೋಲಿಸುತ್ತದೆ. ಹಂಚಿದ ಫೋಲ್ಡರುಗಳನ್ನು ಹೊಸ ಜಾಗಕ್ಕೆ ತಿರುಗಿಸುವುದು ಕೊನೆಯ ಕೆಲಸ.

ಈಗ ನಿಮ್ಮ ಬಳಿ ಹಳೆಯ ಎರಡು ಡಿಸ್ಕ್‌ಗಳಿವೆ, ಎರಡರಲ್ಲೂ ಈವರೆಗಿನ ಪೂರ್ತಿ ಸಂಗ್ರಹವಿದೆ. ಯಂತ್ರವನ್ನು ಆರಿಸಿ ಎರಡನ್ನೂ ಹೊರತೆಗೆಯಿರಿ, ಮೇಲೆ ದಿನಾಂಕ ಬರೆಯಿರಿ. ರೇಡ್ 1ರಿಂದ ತೆಗೆದ ಡಿಸ್ಕ್ ಲಿನಕ್ಸ್ ಇರುವ ಬೇರೆ ಯಂತ್ರದಲ್ಲಿ ಒಂಟಿಯಾಗಿಯೂ ತೆರೆದುಕೊಳ್ಳುತ್ತದೆ. ಒಂದನ್ನು ಮನೆಯಲ್ಲಿಡಿ, ಇನ್ನೊಂದನ್ನು ಬೇರೆ ಊರಿನ ನೆಂಟರ ಮನೆಗೆ ಕಳುಹಿಸಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ ಎಂಬ ನಿಯಮವನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋ ಎಂಬ ಛಾಯಾಗ್ರಾಹಕರು. ನನ್ನ ಹೊರಗಿನ ಪ್ರತಿ ಹಾಸನದಲ್ಲಿ ತಂಗಿಯ ಮನೆಯ ಗಾಡ್ರೆಜ್ ಬೀರುವಿನಲ್ಲಿದೆ. ಗೌರಿ ಹಬ್ಬಕ್ಕೂ ಯುಗಾದಿಗೂ ಹೋದಾಗ ಅದನ್ನು ತಂದು, ಹೊಸ ಪ್ರತಿಯ ಡಿಸ್ಕ್ ಇಟ್ಟು ಬರುತ್ತೇನೆ. ಮಲೆನಾಡಿನ ತೇವಕ್ಕೆ ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಕಡ್ಡಾಯ. ಕ್ಯಾಸೆಟ್‌ಗಳಿಗೂ ಅದೇ ಉಪಚಾರ ಮಾಡಿ. ಕಂಪ್ಯೂಟರಿಗೆ ಇಳಿಸಿಯಾಯಿತೆಂದು ಅವನ್ನು ಎಸೆಯಬೇಡಿ. ಬೂಷ್ಟು ಹಿಡಿಯದ ಟೇಪು ಇನ್ನೊಂದು ಪ್ರತಿಯೇ, ಅದೂ ಮೂಲಪ್ರತಿ.

ಈ 2 ಟಿಬಿ ಡಿಸ್ಕ್‌ಗಳು ಇನ್ನು ಬೆಳೆಯುವ ಸಂಗ್ರಹಕ್ಕೆ ಸಾಲವು. ಹೊಸ ಕ್ಯಾಸೆಟ್‌ಗಳನ್ನು ಇಳಿಸಲು ತೊಡಗುವ ಮೊದಲೇ ಬ್ಯಾಕಪ್‌ಗೆಂದು ಇನ್ನೊಂದು 8 ಟಿಬಿ ಯುಎಸ್‌ಬಿ ಡಿಸ್ಕ್ ಕೊಳ್ಳಿ. ಹಣ ಈಗ ಹೊಂದುವುದಿಲ್ಲವೆಂದರೆ ನನ್ನ ಸ್ಪಷ್ಟ ಸಲಹೆ ಇದು: ರೇಡ್ ಬಿಟ್ಟುಬಿಡಿ. ತರಿಸಿದ ಎರಡರಲ್ಲಿ ಒಂದು ಸರ್ವರ್‌ನಲ್ಲಿರಲಿ, ಇನ್ನೊಂದು ವಾರಕ್ಕೊಮ್ಮೆ ನಕಲು ತೆಗೆದು ತಂತಿ ಕಳಚಿಟ್ಟ ಬ್ಯಾಕಪ್ ಆಗಲಿ. ಡಿಸ್ಕ್ ಕೆಟ್ಟ ದಿನ ನಿಮ್ಮ ಕೆಲಸ ನಿಂತರೆ ಏನೂ ಹೋಗುವುದಿಲ್ಲ. ಅದು ಬ್ಯಾಂಕಿನ ಸರ್ವರ್ ಅಲ್ಲ. ತೀರಿಹೋದ ಅರ್ಥಧಾರಿಗಳ ದನಿ ಹೋದರೆ ಮತ್ತೆ ಸಿಗುವುದಿಲ್ಲ.

ಕಡತಗಳ ರೂಪ ಯಾವುದೆಂದು ನೀವು ಬರೆದಿಲ್ಲ. ವೇವ್ ಆಗಿದ್ದರೆ ಫ್ಲ್ಯಾಕ್‌ಗೆ ಬದಲಾಯಿಸಿ. 24 ಬಿಟ್, 48 ಕಿಲೋಹರ್ಟ್ಸ್ ಸ್ಟೀರಿಯೊದಲ್ಲಿ 90 ನಿಮಿಷದ ಕ್ಯಾಸೆಟ್ಟಿಗೆ ವೇವ್ ರೂಪದಲ್ಲಿ ಸುಮಾರು 1.5 ಜಿಬಿ ಬೇಕು, 96 ಕಿಲೋಹರ್ಟ್ಸ್‌ನಲ್ಲಿ ಅದರ ಎರಡರಷ್ಟು. ಫ್ಲ್ಯಾಕ್ ಒಂದು ಕಣವನ್ನೂ ಬಿಡದೆ ಇದನ್ನು ಗಣನೀಯವಾಗಿ ಕುಗ್ಗಿಸುತ್ತದೆ. ನನಗೆ ಅದು ಇಷ್ಟವಾಗಲು ಇನ್ನೊಂದು ಕಾರಣವಿದೆ: ಪ್ರತಿ ಕಡತದೊಳಗೂ ಮೂಲಧ್ವನಿಯ ಎಂಡಿ5 ಮೊತ್ತ (ದನಿಯ ಮಾಹಿತಿಯಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಕೂತಿರುತ್ತದೆ. ಹತ್ತು ವರ್ಷ ಕಳೆದ ಮೇಲೂ ಫ್ಲ್ಯಾಕ್‌ನ ಪರೀಕ್ಷಾ ಆಯ್ಕೆ ಓಡಿಸಿ, ಯಾವ ಪ್ರಸಂಗ ಸರಿಯಾಗಿದೆ, ಯಾವುದು ಕೆಟ್ಟಿದೆ ಎಂದು ತಿಳಿಯಬಹುದು. ಎಂಪಿ3 ಹಂಚುವುದಕ್ಕಿರಲಿ, ಕಾಪಿಡುವುದಕ್ಕೆ ಬೇಡ.

ಪ್ರಶ್ನೆ: ನನ್ನ ಸರ್ವರ್‌ನಲ್ಲಿ 4 ಟಿಬಿಯ ನಾಲ್ಕು ಡಿಸ್ಕ್‌ಗಳು ಜೆಡ್‌ಎಫ್‌ಎಸ್‌ನ ರೇಡ್‌ಜೆಡ್1ರಲ್ಲಿವೆ (ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯಲ್ಲಿ ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವ ಜೋಡಣೆ). ಐದನೆಯದನ್ನು ಸೇರಿಸಬಹುದೇ?
– ಓದುಗರು, ಧಾರವಾಡ

ಉತ್ತರ: ಬಹುಕಾಲ ಆಗುತ್ತಿರಲಿಲ್ಲ, ಈಗ ಆಗುತ್ತದೆ. 2025ರ ಜನವರಿಯಲ್ಲಿ ಬಂದ ಓಪನ್‌ಜೆಡ್‌ಎಫ್‌ಎಸ್ 2.3ರಲ್ಲಿ ಈ ಸೌಲಭ್ಯವಿದೆ. ಮೊದಲೇ ಇದ್ದ ಮಾಹಿತಿ ಮೂರು ಪಾಲು ಮಾಹಿತಿಗೆ ಒಂದು ಪಾಲು ಪ್ಯಾರಿಟಿಯ (ಕೆಟ್ಟ ಡಿಸ್ಕಿನ ಮಾಹಿತಿಯನ್ನು ಮರುಕಟ್ಟಲು ಬೇಕಾದ ಹೆಚ್ಚುವರಿ ಲೆಕ್ಕ) ಹಳೆಯ ಪ್ರಮಾಣದಲ್ಲೇ ಉಳಿಯುತ್ತದೆ. ಹೊಸದಾಗಿ ಬರೆದದ್ದು ಮಾತ್ರ ನಾಲ್ಕಕ್ಕೆ ಒಂದು. ಹಾಗಾಗಿ ನೀವು ಎಣಿಸಿದಷ್ಟು ಜಾಗ ತಕ್ಷಣ ಕಾಣದು. ಒಮ್ಮೆ ಹಿಗ್ಗಿಸಿದರೆ ಹಿಂದಕ್ಕೆ ಬರಲಾಗದು, ಹಳೆಯ ಆವೃತ್ತಿಯ ಯಂತ್ರದಲ್ಲಿ ಆ ಪೂಲ್ (ಡಿಸ್ಕ್‌ಗಳೆಲ್ಲ ಸೇರಿದ ಒಟ್ಟು ಸಂಗ್ರಹ) ತೆರೆಯದು.

ಅತಿ ಎಚ್ಚರ ಬೇಕಾದ ಜಾಗ ಇನ್ನೊಂದಿದೆ. ಇರುವ ರೇಡ್‌ಜೆಡ್ ಗುಂಪನ್ನು ಹಿಗ್ಗಿಸುವುದು ಬೇರೆ, ಪೂಲ್‌ಗೆ ಒಂಟಿ ಡಿಸ್ಕನ್ನು ಹೊಸ ಗುಂಪಾಗಿ ಸೇರಿಸುವುದು ಬೇರೆ. ಎರಡನೆಯದನ್ನು ಒತ್ತಿದರೆ ಇಡೀ ಪೂಲ್ ಆ ಒಂದು ಡಿಸ್ಕಿನ ಆಯುಸ್ಸಿಗೆ ಕಟ್ಟುಬೀಳುತ್ತದೆ. ರೇಡ್‌ಜೆಡ್ ಇರುವ ಪೂಲ್‌ನಿಂದ ಅದನ್ನು ಹೊರತೆಗೆಯುವ ದಾರಿಯೂ ಇಲ್ಲ. ಎಲ್ಲವನ್ನೂ ಅಳಿಸಿ ಮತ್ತೆ ಕಟ್ಟಬೇಕು. ಕೊಳ್ಳುವಾಗ, ಬರೆಯುವ ಜಾಡುಗಳು ಬಿಡಿಬಿಡಿಯಾಗಿರುವ ಸಿಎಂಆರ್ ಡಿಸ್ಕ್ ಎಂದೇ ಕೇಳಿ. ಜಾಡುಗಳು ಒಂದರ ಮೇಲೊಂದು ಹೊದ್ದಿರುವ ಎಸ್‌ಎಂಆರ್ ಡಿಸ್ಕ್‌ಗಳು ಮರುಕಟ್ಟುವ ಹೊತ್ತಿನ ಎಡೆಬಿಡದ ಬರವಣಿಗೆಗೆ ಕುಂಟುತ್ತವೆ.

ಪ್ರಶ್ನೆ: ಮೈಸೂರಿನ ನಮ್ಮ ಮನೆಯ ಸರ್ವರ್‌ನ 3 ಟಿಬಿ ಮಾಹಿತಿಯ ಪ್ರತಿಯನ್ನು ಇಂಟರ್ನೆಟ್ ಮೂಲಕ ಬೆಂಗಳೂರಿನ ಮಗಳ ಮನೆಯಲ್ಲಿ ಇಡಬಹುದೇ?
– ಓದುಗರು, ಮೈಸೂರು

ಉತ್ತರ: ಖಂಡಿತ ಇಡಬಹುದು, ಮೊದಲ ಪ್ರತಿಯನ್ನು ಮಾತ್ರ ಕೈಯಲ್ಲೇ ಒಯ್ಯಿರಿ. ಅಪ್‌ಲೋಡ್ ವೇಗ 40 ಎಂಬಿಪಿಎಸ್ ಪೂರ್ತಿ ಸಿಕ್ಕಿದರೂ 3 ಟಿಬಿಗೆ ಒಂದು ವಾರ ಹಿಡಿಯುತ್ತದೆ. ಡಿಸ್ಕನ್ನು ಮೈಸೂರಿನಲ್ಲೇ ತುಂಬಿಸಿ ಮಗಳ ಮನೆಗೆ ಕೊಂಡೊಯ್ದರೆ, ಬಳಿಕ ದಿನದ ಬದಲಾವಣೆಗಳಷ್ಟೇ ಹೋಗಬೇಕು. ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ಬಳಸಿ: ಎಲ್ಲವನ್ನೂ ಗೂಢಲಿಪಿಯಲ್ಲಿ ಇಡುತ್ತದೆ, ಹಿಂದಿನ ದಿನಗಳ ಸ್ಥಿತಿಯನ್ನೂ ಉಳಿಸಿಕೊಳ್ಳುತ್ತದೆ. ಅದರ ಪಾಸ್‌ವರ್ಡ್ ಕಳೆದರೆ ಯಾರಿಂದಲೂ ತೆರೆಯಲಾಗದು. ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಒಂದು ನಿಮ್ಮ ಬಳಿ, ಒಂದು ಮಗಳ ಬಳಿ ಇರಲಿ. ಮಗಳ ಮನೆಗೆ ಹೋದಾಗ ಆ ಕಾಗದ ನೋಡಿಕೊಂಡು ಮಗಳೇ ಒಂದು ಫೋಲ್ಡರನ್ನು ಹಿಂಪಡೆಯಲಿ, ನೀವು ಪಕ್ಕದಲ್ಲಿ ಕುಳಿತಿರಿ.